ಲಕ್ಷ ತಲೆಗಳ ಲೆಕ್ಕ ಬರೆದವರು ಯಾರು?

ಪ್ರಶ್ನೆ: ಎಂಟನೇ ತರಗತಿಯ ನನ್ನ ಮಗ, ಬಹಮನಿ ಸುಲ್ತಾನ ಲಕ್ಷ ಜನರನ್ನು ಕೊಲ್ಲುವ ಆಣೆ ಇಟ್ಟಿದ್ದನೆಂದು ಎಲ್ಲೋ ಕೇಳಿ ಬಂದು, ಪಕ್ಕದ ಮನೆಯ ಮುಸ್ಲಿಂ ಗೆಳೆಯನ ಜೊತೆ ಮಾತು ಬಿಟ್ಟಿದ್ದಾನೆ. ಭಯವಾಗುತ್ತಿದೆ. ಏನು ಹೇಳಲಿ?
– ಒಬ್ಬ ತಾಯಿ, ಸಿರವಾರ

ಉತ್ತರ: ತಾಯಿ, ನಿಮ್ಮ ಭಯ ಸಹಜವಾದದ್ದೇ. ಎಷ್ಟೋ ಹಿಂದಿನ ಕೊಲೆ ಕೇಳಿ ಹುಡುಗ ಕಲಕಿಹೋಗಿದ್ದಾನೆ ಎಂದರೆ ಅವನ ಮನಸ್ಸು ಮೃದುವಾಗಿದೆ. ಗದರಬೇಡಿ, ಕೂರಿಸಿಕೊಂಡು ಪೂರ್ತಿ ಕತೆ ಹೇಳಿ.

ಅವನು ಕೇಳಿದ್ದು ಅರ್ಧ ಕತೆ. 1366ರಲ್ಲಿ ವಿಜಯನಗರದ ಸೈನ್ಯ ಮುದಗಲ್ ಕೋಟೆ ಹಿಡಿದು, ಒಳಗಿದ್ದವರನ್ನು ಹೆಂಗಸರು ಮಕ್ಕಳೆನ್ನದೆ ಕಡಿಯಿತು, ಉಳಿದವನು ಒಬ್ಬನೇ. ಆ ಸುದ್ದಿ ಕೇಳಿ ಬಹಮನಿ ಸುಲ್ತಾನ ಒಂದನೇ ಮಹಮ್ಮದ್ ಷಾ ಲಕ್ಷ ತಲೆಯ ಆಣೆ ಇಟ್ಟ. ಎರಡನ್ನೂ ಬರೆದವನು ಫಿರಿಷ್ತಾ ಎಂಬ ತವಾರೀಖುಕಾರ (ಆಸ್ಥಾನದ ಚರಿತ್ರೆ ಬರೆಯುವವನು).

ಅವನು ಬಿಜಾಪುರದಲ್ಲಿ ಕೂತು ಬರೆದದ್ದು ಸುಮಾರು 240 ವರ್ಷಗಳ ನಂತರ. 1366ರಲ್ಲಿ ವಿಜಯನಗರ ಆಳುತ್ತಿದ್ದವನು ಒಂದನೇ ಬುಕ್ಕರಾಯ; ಫಿರಿಷ್ತಾ ಬರೆದ ಹೆಸರು ಕಿಶನ್ ರಾಯ್! ದೊರೆಯ ಹೆಸರೇ ತಪ್ಪಿದವನು ಹೆಣಗಳ ಲೆಕ್ಕವನ್ನು ಸರಿಯಾಗಿ ಇಟ್ಟಾನೆಯೇ? ಆ ಸುಲ್ತಾನನ ಕಾಲದಲ್ಲಿ ಸತ್ತವರು ಐದು ಲಕ್ಷ ಎನ್ನುತ್ತಾನೆ. ಇದು ಶತ್ರುವಿನ ದೂರಲ್ಲ, ಗೆದ್ದವರ ಕಡೆಯ ಹೊಗಳಿಕೆ. ಕೊಲೆ ನಡೆದದ್ದು ಹೌದು, ಅಂಕಿಯನ್ನು ಮಾತ್ರ ನಂಬಬೇಡಿ.

ಅದೇ ಪುಸ್ತಕದಲ್ಲಿ ಇನ್ನೊಂದು ಮಾತಿದೆ. ಕೊನೆಗೆ ವಿಜಯನಗರದ ರಾಯಭಾರಿಗಳು ಬಂದು ಬೇಡಿಕೊಂಡಾಗ, ಗೆದ್ದ ಮೇಲೆ ಯಾರನ್ನೂ ಕೊಲ್ಲುವುದಿಲ್ಲವೆಂದು ಅದೇ ಸುಲ್ತಾನ ಮಾತು ಕೊಟ್ಟ, ತನ್ನ ನಂತರದವರೂ ಅದಕ್ಕೆ ಬದ್ಧರೆಂದ. ನನಗೆ ಲಕ್ಷದ ಆಣೆಗಿಂತ ದೊಡ್ಡದಾಗಿ ಕಾಣುವುದು ಇದು. ವಿಜಯನಗರದ ಕಡೆಯಲ್ಲೂ ಇಂಥದ್ದಿದೆ: 1520ರಲ್ಲಿ ಕೃಷ್ಣದೇವರಾಯ ರಾಯಚೂರು ಗೆದ್ದಾಗ ಊರವರ ಸೊತ್ತು ಮುಟ್ಟಕೂಡದೆಂದು ಅಪ್ಪಣೆ ಮಾಡಿದ್ದನ್ನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಅದಕ್ಕೆ ಮುಂಚೆ ಕೃಷ್ಣಾ ನದಿಯತ್ತ ಓಡಿದ ಶತ್ರು ಸೈನಿಕರನ್ನು ಕೊಂದದ್ದನ್ನೂ ಅವನು ಮುಚ್ಚಿಟ್ಟಿಲ್ಲ.

ಮೊಹರಂ ಬಂದಾಗ ಹುಡುಗರಿಬ್ಬರನ್ನೂ ಮುದಗಲ್ಲಿಗೆ ಕರೆದೊಯ್ಯಿರಿ. ಅಲಾಯಿ ದೇವರ (ಮೊಹರಂನಲ್ಲಿ ಕೂರಿಸುವ ಪಂಜಾಗಳು) ಮುಂದೆ ಹಿಂದೂಗಳೂ ಮುಸ್ಲಿಮರೂ ನಿಂತಿರುತ್ತಾರೆ, ವಿವರಿಸುವ ಕೆಲಸವೇ ಇರುವುದಿಲ್ಲ. ಬಿಡುವಿದ್ದರೆ ರಾಯಚೂರು ಕೋಟೆಗೂ ಹೋಗಿ. ಕಾಕತೀಯರ ಕಾಲದ, 1294ರ ಶಾಸನವಿರುವ, ಸುಮಾರು 41 ಅಡಿ ಉದ್ದದ ಕಲ್ಲು ಗೋಡೆಯಲ್ಲಿದೆ. ಅದನ್ನು ಬಂಡಿಯ ಮೇಲೆ ಕೋಣಗಳು ಎಳೆದು ತಂದ ಚಿತ್ರವನ್ನೂ ಅಲ್ಲೇ ಕೊರೆದಿದ್ದಾರೆ. ಕಾದಾಡಿದ ಈ ದೋಆಬಿನಲ್ಲಿ (ಎರಡು ನದಿಗಳ ನಡುವಿನ ನೆಲ) ಕಲ್ಲು ಹೊತ್ತವರೂ ಇದ್ದರೆಂದು ಮಕ್ಕಳಿಗೆ ಕಾಣಲಿ.

ಪ್ರಶ್ನೆ: ಮಂಗೋಲರನ್ನು ಪರೀಕ್ಷೆಯಲ್ಲಿ ಬರ್ಬರರೆಂದು ಬರೆಯಬಹುದೇ? ತಪ್ಪಾದೀತೆಂಬ ಅಂಜಿಕೆ.
– ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿ, ಮಾನ್ವಿ

ಉತ್ತರ: ಅಂಜಬೇಡಿ, ಮೇಲಿನ ಉತ್ತರದ ದಾರಿಯೇ ಇಲ್ಲೂ ನಡೆಯುತ್ತದೆ. ಮರ್ವ್ ಎಂಬ ಒಂದೇ ಊರಿನಲ್ಲಿ 13 ಲಕ್ಷ ಹೆಣ ಎಣಿಸಿದರೆಂದು ಬರೆದ ಜುವೈನಿ, ಮಂಗೋಲರ ಕೈಕೆಳಗೇ ಅಧಿಕಾರಿಯಾಗಿದ್ದವನು. ಹೆದರಿಕೆ ಹಬ್ಬಿದರೆ ಮುಂದಿನ ಊರು ಯುದ್ಧವಿಲ್ಲದೆ ಬಾಗಿಲು ತೆರೆಯುತ್ತಿತ್ತು; ಆ ಕುಖ್ಯಾತಿಯಿಂದ ಅವರಿಗೇ ಲಾಭ. ಯಾಮ್ (ಕುದುರೆ ಬದಲಿಸುವ ಅಂಚೆ ಠಾಣ್ಯಗಳ ಸಾಲು) ಬಗ್ಗೆ ಬರೆಯಿರಿ, ವ್ಯಾಪಾರಿಗಳಿಗೆ ಸಿಕ್ಕ ರಕ್ಷಣೆಯನ್ನೂ ಬರೆಯಿರಿ. ಆದರೆ 1258ರ ಬಾಗ್ದಾದಿನ ಸಂಹಾರವನ್ನು ಒಂದು ಸಾಲಿನಲ್ಲಿ ಮುಗಿಸಬೇಡಿ.