ಜೀವದಯಾಷ್ಟಮಿಯ ನೋಂಪಿ: ತಾಯಿಯ ಮಾತು, ಮಗನ ವ್ರತ

ತಾಯಿತಂದೆಗಳನ್ನು ಗೌರವಿಸುವುದು ಶ್ರಾವಕನ ಕರ್ತವ್ಯ. ಕೈಗೊಂಡ ಅಣುವ್ರತವನ್ನು ಭಂಗವಿಲ್ಲದೆ ಪಾಲಿಸುವುದೂ ಅವನ ಕರ್ತವ್ಯವೇ. ಇವೆರಡೂ ಎದುರೆದುರಾಗಿ ನಿಂತಾಗ ಪ್ರಾಯಕ್ಕೆ ಬಂದ ಮಗನು ಏನು ಮಾಡಬೇಕು? ಜೀವದಯಾಷ್ಟಮಿಯ ನೋಂಪಿಗೆ ಸೇರಿದ ಯಶೋಧರನ ಕಥೆ ವಿಚಾರಿಸುವುದು ಇದನ್ನೇ. ಸೋಮದೇವಸೂರಿಯು 959ರಲ್ಲಿ ಸಂಸ್ಕೃತದ ಯಶಸ್ತಿಲಕದಲ್ಲಿ ಹೇಳಿದ ಈ ಕಥೆಯನ್ನು ಜನ್ನನು 1209ರಲ್ಲಿ ಕನ್ನಡದ ಕಾವ್ಯವಾಗಿಸಿದನು. ಮುಂದಿನ ಶತಮಾನಗಳಲ್ಲಿ ಅದು ಓಲೆಗರಿಯ ಪ್ರತಿಗಳ ಮೂಲಕ ಉಳಿದು ಬಂದಿತು.

ಉಜ್ಜಯಿನಿಯ ಅರಸು ಯಶೌಘನು ತಲೆಯಲ್ಲಿ ನರೆಗೂದಲನ್ನು ಕಂಡು, ಮಗ ಯಶೋಧರನಿಗೆ ರಾಜ್ಯವನ್ನೊಪ್ಪಿಸಿ ತಪಸ್ಸಿಗೆ ತೆರಳಿದನು. ಮಗನು ದೊಡ್ಡವನಾದ ಮೇಲೆ ಅಧಿಕಾರವನ್ನು ಬಿಟ್ಟುಕೊಡುವುದು ತಂದೆಯ ಧರ್ಮವೆಂಬುದು ಇಲ್ಲಿಯ ಮೊದಲ ಪಾಠ.

ಎರಡನೆಯ ಪಾಠ ಕಠಿಣವಾದುದು. ಪತ್ನಿ ಅಮೃತಮತಿಯ ದ್ರೋಹವನ್ನು ಕಣ್ಣಾರೆ ಕಂಡ ಯಶೋಧರನು ಅದನ್ನು ತಾಯಿ ಚಂದ್ರಮತಿಗೆ ಹೇಳಲಾರದೆ, ದುಃಸ್ವಪ್ನದ ನೆಪ ಹೂಡಿದನು. ನಿಜವನ್ನರಿಯದ ತಾಯಿ ಶಾಂತಿಗಾಗಿ ದೇವಿಗೆ ಪ್ರಾಣಿಬಲಿ ಕೊಡೆಂದಳು. ಮಗನು ಒಪ್ಪಲಿಲ್ಲ. ಹಿಟ್ಟಿನ ಕೋಳಿಯನ್ನಾದರೂ ಕಡಿಯೆಂದಾಗ ತಾಯಿಯ ಮೇಲಿನ ದಾಕ್ಷಿಣ್ಯಕ್ಕೆ ಒಪ್ಪಿದನು. ಕಡಿದಾಗ ಆ ಕೋಳಿ ಕೂಗಿತು. ಬಳಿಕ ಅಮೃತಮತಿ ಇಬ್ಬರಿಗೂ ವಿಷವಿಕ್ಕಿದಳು. ತಾಯಿ ನಾಯಿಯಾಗಿ, ಮಗ ನವಿಲಾಗಿ ಹುಟ್ಟಿ ಜನ್ಮಜನ್ಮಗಳಲ್ಲಿ ತೊಳಲಿದರು. ಯಶೋಧರನ ಮಗ ಯಶೋಮತಿಯು ತಂದೆಯ ಶ್ರಾದ್ಧಕ್ಕೆಂದು ಕೊಲ್ಲಿಸಿದ ಪ್ರಾಣಿಯಲ್ಲಿ ಆ ತಂದೆಯ ಜೀವವೇ ಇದ್ದಿತು. ಕೊನೆಗೆ ತಂದೆಯೂ ಅಜ್ಜಿಯೂ ಅದೇ ಯಶೋಮತಿಗೆ ಅವಳಿಮಕ್ಕಳಾಗಿ ಹುಟ್ಟಿದರು.

ಹಿಟ್ಟಿನ ಕೋಳಿಯಲ್ಲಿ ಪ್ರಾಣವಿರಲಿಲ್ಲ. ಆದರೆ ಕೊಲ್ಲುವ ಸಂಕಲ್ಪವಿದ್ದಿತು. ಅದೇ ಭಾವಹಿಂಸೆ. ಈ ದೋಷದ ಬೇರನ್ನು ಹುಡುಕಿದರೆ ಅದು ತಾಯಿಯ ಮೂಢತೆಯಲ್ಲಿ ಮಾತ್ರವಿಲ್ಲ, ಮಗನು ಮರೆಮಾಚಿದ ಸತ್ಯದಲ್ಲಿಯೂ ಇದೆ. ಅವನು ಮೊದಲು ಸತ್ಯಾಣುವ್ರತವನ್ನು ಸಡಿಲಿಸಿದನು. ಅಹಿಂಸೆ ಅದರ ಹಿಂದೆಯೇ ಜಾರಿತು. ಮಗನ ನೋವೇನೆಂದು ತಿಳಿಯದ ತಾಯಿ ಸರಿಯಾದ ಪರಿಹಾರವನ್ನು ಹೇಗೆ ಹೇಳಿಯಾಳು?

ಚನ್ನಗಿರಿಯ ಅಡಕೆತೋಟದ ಮನೆಯಾಗಲಿ, ಜಗಳೂರಿನ ಬಯಲುಸೀಮೆಯ ಮನೆಯಾಗಲಿ, ಹೊನ್ನಾಳಿ, ನ್ಯಾಮತಿಗಳ ಅಂಗಡಿಯಾಗಲಿ, ಈ ಪರೀಕ್ಷೆ ಇಂದಿಗೂ ಬರುತ್ತದೆ. ಆಯುಧಪೂಜೆಯಲ್ಲಿ ಕುಂಕುಮ ತುಂಬಿದ ಬೂದುಗುಂಬಳವನ್ನು ಬಲಿಯೆಂದು ಒಡೆಯಲು ಹಿರಿಯರು ಹೇಳಿದರೆ, ಅದು ಹಿಟ್ಟಿನ ಕೋಳಿಯ ಇನ್ನೊಂದು ರೂಪವೆಂದು ತಿಳಿಯಬೇಕು. ದೇವಸ್ಥಾನಗಳ ಆವರಣದಲ್ಲಿ ಪ್ರಾಣಿಬಲಿಯನ್ನು 1959ರ ಕಾಯಿದೆ ನಿಷೇಧಿಸಿದೆ. ಮನಸ್ಸಿನೊಳಗಿನ ಬಲಿಯನ್ನು ತಡೆಯಬಲ್ಲುದು ವ್ರತವೊಂದೇ.

ಆದುದರಿಂದ ನೋಂಪಿ ಹಿಡಿಯುವವರು ಉಪವಾಸದ ಮುನ್ನಾದಿನವೇ ಹಿರಿಯರ ಬಳಿ ಕುಳಿತು, ತಮ್ಮ ಕಷ್ಟವನ್ನೂ ನಿಯಮವನ್ನೂ ಮರೆಯಿಲ್ಲದೆ ತಿಳಿಸತಕ್ಕದ್ದು. ಹಿರಿಯರು ಕೇಳಿ, ಮಕ್ಕಳ ವ್ರತಕ್ಕೆ ಬೆಂಬಲವಾಗತಕ್ಕದ್ದು. ವಿನಯದಿಂದ ಹೇಳಿದ ‘ಆಗದು’ ಎಂಬ ಮಾತು ಅವಿಧೇಯತೆಯಲ್ಲ. ತಾಯಿಯನ್ನೂ ಪಾಪದಿಂದ ಉಳಿಸುವ ಸೇವೆ ಅದು.