ರೈಲ್ವೆ ಗೇಟ್ ದಾಟುವ ಮುನ್ನ: ಮಲೆನಾಡಿನ ಚಾಲಕರಿಗೆ ಮಾಹಿತಿ

ಗೋಣಿಬೀಡಿನಲ್ಲಿ ರೈಲು ಹಳಿ ಇಲ್ಲ. ಮೂಡಿಗೆರೆ ತಾಲ್ಲೂಕಿನಲ್ಲೇ ಇಲ್ಲ. ಇಲ್ಲಿಂದ ಹೊರಟ ಜೀಪು, ಪಿಕಪ್‌ಗಳಿಗೆ ಹಳಿ ಎದುರಾಗುವುದು ಸಕಲೇಶಪುರ–ಹಾಸನದ ಕಡೆ, ಇಲ್ಲವೇ 2013ರಲ್ಲಿ ರೈಲು ಓಡಾಟ ಶುರುವಾದ ಚಿಕ್ಕಮಗಳೂರು–ಕಡೂರು ಮಾರ್ಗದಲ್ಲಿ. ಹೀಗಾಗಿ ಘಾಟಿಯ ತಿರುವುಗಳಲ್ಲಿ ಪಳಗಿದ ಕೈಗೂ ಲೆವೆಲ್ ಕ್ರಾಸಿಂಗ್ ಅಷ್ಟಾಗಿ ರೂಢಿಯಿಲ್ಲ. ತಿರುವಿನಲ್ಲಿ ಹಾರನ್ ಕೇಳಿದರೆ ಎದುರಿನ ಬಸ್ಸು ಪಕ್ಕಕ್ಕೆ ಸರಿಯುತ್ತದೆ. ರೈಲಿಗೆ ಸರಿಯಲು ಪಕ್ಕವೇ ಇಲ್ಲ. ಗಂಟೆಗೆ 100 ಕಿ.ಮೀ. ವೇಗದಲ್ಲಿರುವ ರೈಲು ತುರ್ತು ಬ್ರೇಕ್ ಹಾಕಿದ ಮೇಲೂ ಸುಮಾರು ಒಂದು ಕಿಲೋಮೀಟರ್ ಓಡಿಯೇ ನಿಲ್ಲುತ್ತದೆ. ಹಳಿಯ ಮೇಲಿನ ಕಾರು ಲೋಕೋ ಪೈಲಟ್ ಕಣ್ಣಿಗೆ ಬೀಳುವ ಹೊತ್ತಿಗೆ ಸಾಮಾನ್ಯವಾಗಿ ಕಾಲ ಮಿಂಚಿರುತ್ತದೆ.

ಗೇಟ್ ತೆರೆದಿದ್ದರೂ ನೋಡಬೇಕು

ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಕ್ರಾಸಿಂಗ್‌ಗಳನ್ನು 2019ರ ಜನವರಿಯ ಹೊತ್ತಿಗೆ ತೆಗೆದುಹಾಕಲಾಗಿದೆ. ಆದರೂ ಅಪಾಯ ಪೂರ್ತಿ ನೀಗಿಲ್ಲ. 2025ರ ಜುಲೈ 8ರಂದು ತಮಿಳುನಾಡಿನ ಕಡಲೂರು ಬಳಿಯ ಸೆಮ್ಮಂಕುಪ್ಪಂನಲ್ಲಿ ಶಾಲಾ ವ್ಯಾನ್‌ಗೆ ಪ್ಯಾಸೆಂಜರ್ ರೈಲು ಡಿಕ್ಕಿ ಹೊಡೆದು ಮೂವರು ವಿದ್ಯಾರ್ಥಿಗಳು ತೀರಿಕೊಂಡರು. ಅಲ್ಲಿ ಗೇಟೂ ಇತ್ತು, ಗೇಟ್‌ಮನ್ನೂ ಇದ್ದ. ಆದರೆ ಅದು ಇಂಟರ್‌ಲಾಕ್ ಆಗಿರದ ಗೇಟ್. ಇಂಟರ್‌ಲಾಕ್ ಇದ್ದರೆ ಗೇಟ್ ಮುಚ್ಚುವವರೆಗೆ ರೈಲಿಗೆ ಹಸಿರು ಸಿಗ್ನಲ್ ಬೀಳುವುದೇ ಇಲ್ಲ. ಇಲ್ಲದ ಕಡೆ ಎಲ್ಲವೂ ಸ್ಟೇಷನ್ ಮಾಸ್ಟರ್ ಮತ್ತು ಗೇಟ್‌ಮನ್ ನಡುವಿನ ಫೋನ್ ಮಾತಿನ ಮೇಲೆ ನಿಂತಿರುತ್ತದೆ. ರಸ್ತೆಯಿಂದ ನೋಡುವ ಚಾಲಕನಿಗೆ ಯಾವುದು ಎಂಥ ಗೇಟ್ ಎಂದು ತಿಳಿಯದು.

ಆದ್ದರಿಂದ ಫಲಕ ಕಂಡ ಕೂಡಲೇ ವೇಗ ತಗ್ಗಿಸಬೇಕು, ಹಾಡು ನಿಲ್ಲಿಸಬೇಕು, ಗಾಜು ಇಳಿಸಬೇಕು. ಜಡಿಮಳೆಯಲ್ಲಿ ಗಾಜು ಏರಿಸಿ, ಒಳಗೆ ಆವಿ ಕಟ್ಟಿ, ಹಿಂದೆ ಟಾರ್ಪಾಲ್ ಪಟಪಟ ಬಡಿಯುತ್ತಿದ್ದರೆ ರೈಲಿನ ಸೀಟಿ ಕಿವಿಗೆ ಬೀಳುವುದಿಲ್ಲ. ಸೀಟಿ ಹಾಕಬೇಕೆಂದು ಸೂಚಿಸುವ ಹಳದಿ ಫಲಕ ಗೇಟಿನಿಂದ 600 ಮೀಟರ್ ದೂರದಲ್ಲಿರುತ್ತದೆ. ಆ ದೂರವನ್ನು 100 ಕಿ.ಮೀ. ವೇಗದ ರೈಲು 22 ಸೆಕೆಂಡಿನಲ್ಲಿ ಮುಗಿಸುತ್ತದೆ. ದೊಡ್ಡ ವಸ್ತು ನೇರ ಎದುರಿನಿಂದ ಬರುವಾಗ ನಿಧಾನವಾಗಿ ಕಾಣುವುದು ಕಣ್ಣಿನ ಗುಣ. 'ಇನ್ನೂ ದೂರ ಇದೆ' ಎಂಬ ಅಂದಾಜನ್ನು ಇಲ್ಲಿ ನಂಬಬಾರದು.

ಹಳಿಯ ಮೇಲೆ

ಆಚೆ ಬದಿಯಲ್ಲಿ ತನ್ನ ಗಾಡಿ ಪೂರ್ತಿ ನಿಲ್ಲುವಷ್ಟು ಜಾಗ ಖಾಲಿಯಾಗದೆ ಹಳಿಗೆ ಇಳಿಯಬಾರದು. ಮೊದಲ ಗೇರ್‌ನಲ್ಲೇ ದಾಟಬೇಕು, ನಡುವೆ ಗೇರ್ ಬದಲಿಸಬಾರದು. ಒದ್ದೆ ಹಳಿ ಜಾರುತ್ತದೆ. ಬೈಕ್ ಓರೆಯಾಗಿ ಹೋದರೆ ಚಕ್ರ ಹಳಿಯ ಸಂದಿನಲ್ಲಿ ಸಿಕ್ಕಿಕೊಳ್ಳುತ್ತದೆ, ನೇರವಾಗಿ ದಾಟಬೇಕು. ಕಡೂರಿನಂಥ ಜೋಡಿ ಹಳಿಯ ಮಾರ್ಗದಲ್ಲಿ ಒಂದು ರೈಲು ಹೋದ ಬೆನ್ನಿಗೇ ಇನ್ನೊಂದು ಹಳಿಯಲ್ಲಿ ರೈಲು ಬರುತ್ತಿರಬಹುದು. ಮರದ ದಿಮ್ಮಿ, ಕಾಫಿ ಮೂಟೆ ಹೇರಿದ ಲಾರಿಗಳು ಎತ್ತರದ ಕಮಾನನ್ನು ಗಮನಿಸಬೇಕು: ಮಿತಿ 4.67 ಮೀಟರ್, ಮೇಲಿನ ತಂತಿಯಲ್ಲಿ 25,000 ವೋಲ್ಟ್.

ಗಾಡಿ ನಿಂತುಬಿಟ್ಟರೆ

ಮೊದಲು ಜನ ಇಳಿಯಬೇಕು. ಸಾಮಾನು, ಚೀಲ, ಮೊಬೈಲ್ ಚಾರ್ಜರ್ ಯಾವುದನ್ನೂ ಹುಡುಕುತ್ತ ಕೂರಬಾರದು. ತಕ್ಷಣ ಗೇಟ್‌ಮನ್‌ಗೆ ಹೇಳಬೇಕು. ಅವನ ಬಳಿ ಸ್ಟೇಷನ್‌ಗೆ ಫೋನ್, ಕೆಂಪು ಬಾವುಟ, ಹಳಿಯ ಮೇಲೆ ಸಿಡಿಯುವ ಪಟಾಕಿ ಇರುತ್ತವೆ. ಸಾಧ್ಯವಾದರೆ ಒಬ್ಬರು ರೈಲು ಬರುವ ದಿಕ್ಕಿಗೆ ಹಳಿಯಿಂದ ದೂರ ನಿಂತು ಎರಡೂ ಕೈ ಮೇಲೆತ್ತಬೇಕು, ರಾತ್ರಿಯಾದರೆ ಟಾರ್ಚನ್ನು ಅಡ್ಡಡ್ಡ ಜೋರಾಗಿ ಬೀಸಬೇಕು. ರೈಲ್ವೆ ನಿಯಮದಲ್ಲಿ ಇವೆರಡೂ 'ನಿಲ್ಲಿಸು' ಎಂಬ ಸಂಕೇತ. ರೈಲು ಹತ್ತಿರ ಬಂದುಬಿಟ್ಟಿದ್ದರೆ ಅದು ಬರುವ ದಿಕ್ಕಿನ ಕಡೆಗೇ ಓರೆಯಾಗಿ ಹಳಿಯಿಂದ ದೂರ ಓಡಬೇಕು, ಏಕೆಂದರೆ ಡಿಕ್ಕಿಯಾದ ಗಾಡಿಯ ಚೂರುಗಳು ರೈಲು ಸಾಗುವ ದಿಕ್ಕಿಗೆ ಹಾರುತ್ತವೆ.

ಮುಚ್ಚಿದ ಗೇಟನ್ನು ತಾವೇ ತೆರೆದರೆ 1989ರ ರೈಲ್ವೆ ಕಾಯ್ದೆಯ 160ನೇ ಕಲಮಿನಡಿ ಮೂರು ವರ್ಷದವರೆಗೆ, ಮುರಿದರೆ ಐದು ವರ್ಷದವರೆಗೆ ಜೈಲು ಶಿಕ್ಷೆಯಿದೆ. ಗೇಟ್ ಕೆಟ್ಟಿರುವುದು ಕಂಡರೆ ಗೇಟ್ ಮನೆಯ ಮೇಲೆ ಬರೆದಿರುವ ಸಂಖ್ಯೆ ನೋಡಿಕೊಂಡು 139ಕ್ಕೆ ಕರೆ ಮಾಡಿ ತಿಳಿಸಿ.