ಹೆಳವರ ಹೊತ್ತಿಗೆಯಲ್ಲಿ ಇಲ್ಲದ ಹೆಸರು

ರಾಶಿ ಮುಗಿದು ಕಾಳು ಮನೆ ಸೇರಿದ ಮೇಲೆ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸೀಮೆಯ ಹಳ್ಳಿಗಳಿಗೆ ಹೆಳವರು ಬರುವುದು ಹಿಂದಿನಿಂದ ನಡೆದುಬಂದ ರೂಢಿ. ಮೊದಲು ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಬರುತ್ತಿದ್ದರು. ಈಗ ಮೋಟರ್ ಸೈಕಲ್ಲಿನ ಮೇಲೆ ಬರುವವರೂ ಇದ್ದಾರೆ. ಮನೆಯ ಮುಂದೆ ನಿಂತು ಯಜಮಾನನ ತಂದೆ, ಅಜ್ಜ, ಮುತ್ತಜ್ಜ ಎಂದು ಹೆಸರು ಹಿಡಿದು ಹೇಳತೊಡಗಿದರೆ ಏಳೆಂಟು ತಲೆಮಾರು ಹಿಂದಕ್ಕೆ ಹೋಗುತ್ತಾರೆ. ಮೂಲಪುರುಷ ಯಾವ ಊರಿನಿಂದ ಬಂದ, ಏಕೆ ಆ ಊರು ಬಿಟ್ಟ, ಮನೆದೇವರು ಯಾವುದು, ಅಣ್ಣತಮ್ಮಂದಿರು ಎಲ್ಲಿ ಬೇರೆಯಾದರು – ಎಲ್ಲವೂ ಅವರ ಬಾಯಲ್ಲಿ ಬರುತ್ತದೆ. ಮನೆಯವರು ಕೈಮುಗಿದು ಕೇಳುತ್ತಾರೆ. ಕಾಳು, ಬಟ್ಟೆ, ಹಣ ಕೊಟ್ಟು, ಹೊಸದಾಗಿ ಹುಟ್ಟಿದ ಗಂಡುಮಕ್ಕಳ ಹೆಸರು ಬರೆಸಿ ಕಳಿಸುತ್ತಾರೆ.

ಕೆಲವು ವರ್ಷಗಳ ಹಿಂದೆ ಈ ಸೀಮೆಯ ಒಬ್ಬ ತಾಯಿ ಒಂದು ಕಾಗದ ಹಿಡಿದುಕೊಂಡು ನನ್ನ ಬಳಿಗೆ ಬಂದರು. ಆಕೆ ನಮ್ಮ ಧರ್ಮಕೇಂದ್ರದವರಲ್ಲ, ನೆರೆಯವರು. "ಫಾದರ್, ಇದನ್ನ ಸ್ವಲ್ಪ ಓದಿ ಹೇಳ್ರಿ" ಎಂದರು. ಅದು ತೀರಿಹೋದ ಅವರ ತಂದೆಯ ವಂಶವೃಕ್ಷದ ಪತ್ರ. ತಂದೆ, ತಾಯಿ, ಇಬ್ಬರು ಗಂಡುಮಕ್ಕಳು, ಅಲ್ಲಿಗೆ ಮುಗಿದಿತ್ತು. ನಾನು ಎರಡು ಸಲ ಓದಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಅಂದ್ರ ನಾ ಆ ಮನ್ಯಾಗ ಹುಟ್ಟೇ ಇಲ್ಲೇನ್ರಿ?"

ಪ್ರಿಯ ಓದುಗರೇ, ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ನಮ್ಮ ಹಿರಿಯರ ಹೆಸರುಗಳನ್ನು ಯಾರು, ಯಾವ ಕಾರಣಕ್ಕೆ ಬರೆದಿಟ್ಟರು ಎಂಬುದನ್ನು ಮೊದಲು ತಿಳಿಯಬೇಕು.

ಮೊದಲು ಬಂದವರು

ನಮ್ಮ ಕಡೆಯ ಅಡ್ಡಹೆಸರುಗಳೇ ಒಂದು ದೊಡ್ಡ ದಾಖಲೆ. ಬ್ಯಾಡಗಿಯಲ್ಲಿಯೇ ಉಳಿದವನನ್ನು ಊರಿನವರು 'ಬ್ಯಾಡಗಿ' ಎಂದು ಕರೆಯಬೇಕಾಗಿಲ್ಲ. ಆ ಊರು ಬಿಟ್ಟು ಬೇರೆ ಕಡೆ ನೆಲೆಸಿದವನಿಗೆ ಆ ಹೆಸರು ಅಂಟುತ್ತದೆ. ಹಾವನೂರ, ಗುತ್ತಲ, ಅಗಡಿ ಎಂಬ ಅಡ್ಡಹೆಸರುಗಳ ಹಿಂದೆಯೂ ಒಂದು ದಿನ ಗಂಟುಮೂಟೆ ಕಟ್ಟಿಕೊಂಡು ಹೊರಟ ಒಂದು ಸಂಸಾರವಿದೆ. ಪಾಟೀಲ, ಕುಲಕರ್ಣಿ, ದೇಸಾಯಿ ಎಂಬವು ಹುದ್ದೆಯನ್ನು ಹೇಳುತ್ತವೆ. ಬಡಿಗೇರ, ಕಂಬಾರ, ಕುಂಬಾರ ಎಂಬವು ಕಾಯಕವನ್ನು ಹೇಳುತ್ತವೆ.

ಜನ ಏಕೆ ಊರು ಬಿಟ್ಟರು? ಬರ ಒಂದು ಮುಖ್ಯ ಕಾರಣ. 1791-92ರ ಡೋಗಿ ಬರದಲ್ಲಿ ಹೂಳುವವರಿಲ್ಲದೆ ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ದವೆಂಬ ನೆನಪು ಉಳಿದಿದೆ. 1876-78ರ ಮಹಾಕ್ಷಾಮ ಆಗಿನ ಧಾರವಾಡ ಜಿಲ್ಲೆಯನ್ನು ಹಿಂಡಿತು. 1880ರ ದಶಕದಲ್ಲಿ ಹುಬ್ಬಳ್ಳಿ-ಹರಿಹರ ರೈಲು ಮಾರ್ಗ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳ ಮೂಲಕ ಹಾದುಹೋದಾಗ ವ್ಯಾಪಾರಿಗಳು, ಹಮಾಲರು, ರೈಲ್ವೆ ಕೆಲಸಗಾರರು ಬರಲು ದಾರಿ ತೆರೆಯಿತು. ಇಷ್ಟೇಕೆ, ಬ್ಯಾಡಗಿಗೆ ಹೆಸರು ತಂದ ಮೆಣಸಿನಕಾಯಿಯೂ ಇಲ್ಲಿಯದಲ್ಲ. ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. 'ನಾವು ಮೂಲದವರು, ಅವರು ಬಂದವರು' ಎಂದು ಹೇಳುವ ಮುನ್ನ ಇದನ್ನು ನೆನೆಯುವುದು ಒಳ್ಳೆಯದು.

ಕಲ್ಲಿನ ಮೇಲೆ ಬರೆದದ್ದು

ರಾಣೇಬೆನ್ನೂರು ತಾಲೂಕಿನ ಚೌಡಯ್ಯದಾನಪುರದಲ್ಲಿ, ತುಂಗಭದ್ರೆಯ ದಡದಲ್ಲಿ ಮುಕ್ತೇಶ್ವರ ದೇವಾಲಯವಿದೆ. ಅಲ್ಲಿಯ ಶಾಸನಗಳಲ್ಲಿ ಗುತ್ತಲವನ್ನು ಆಳಿದ ಗುತ್ತ ಅರಸರ ವಿಷಯ ಬರುತ್ತದೆ. 12-13ನೆಯ ಶತಮಾನದ ಈ ಮಾಂಡಲಿಕರು ತಮ್ಮನ್ನು ಉಜ್ಜಯಿನಿಯ ಒಡೆಯರೆಂದೂ ಚಂದ್ರಗುಪ್ತನ ವಂಶದವರೆಂದೂ ಕರೆದುಕೊಂಡರು. ಆಳುವವನಿಗೆ ದೊಡ್ಡ ಪೂರ್ವಜ ಬೇಕು. ಇಂತಹ ವಂಶಾವಳಿ ನಿಜವನ್ನು ಹೇಳುವುದಕ್ಕಿಂತ ಹೆಚ್ಚಾಗಿ ಅಧಿಕಾರವನ್ನು ಸಾರುತ್ತದೆ.

ಬಡವನ ಹೆಸರು ಬೇಕಾದರೆ ವೀರಗಲ್ಲುಗಳ ಹತ್ತಿರ ಹೋಗಬೇಕು. ತುರುಗಳನ್ನು ಬಿಡಿಸಲು ಹೋಗಿ ಸತ್ತವನ ಹೆಸರು, ಕಲ್ಲು ನಿಲ್ಲಿಸಿದ ಮಗನ ಅಥವಾ ತಮ್ಮನ ಹೆಸರು ಅಲ್ಲಿ ಸಿಗಬಹುದು. ಆದರೆ ಬೆಳಗಿನಿಂದ ಸಂಜೆಯವರೆಗೆ ಕಳೆ ಕಿತ್ತು, ಹತ್ತು ಹೆತ್ತು ಸತ್ತ ತಾಯಿಗೆ ವೀರಗಲ್ಲು ನಿಲ್ಲಿಸಿದವರು ಯಾರು?

ಹೊತ್ತಿಗೆ ಮತ್ತು ದಫ್ತರ

ಹೆಳವ ಎಂದರೆ ಕುಂಟ. ಕಾಲಿಲ್ಲದ ತಮ್ಮನಿಗೆ ಅಣ್ಣಂದಿರು ಎತ್ತು ಕೊಟ್ಟು, 'ನಮ್ಮ ಕುಲ ಹೊಗಳುತ್ತ ಮನೆಮನೆಗೆ ಹೋಗು, ರಾಶಿಯಲ್ಲಿ ನಿನಗೆ ಪಾಲು' ಎಂದರಂತೆ. ಅವನ ಸಂತತಿಯೇ ಹೆಳವರು ಎಂಬುದು ಒಂದು ಕತೆ. ಲಿಂಗಾಯತ, ಕುರುಬ, ರಡ್ಡಿ ಮೊದಲಾದ ಮನೆತನಗಳ ವಂಶಾವಳಿಯನ್ನು ಈ ಅಲೆಮಾರಿ ಸಮುದಾಯ ಮೊದಲು ಬಾಯಲ್ಲಿ, ತಾಮ್ರಪಟದಲ್ಲಿ, ಓಲೆಗರಿಯಲ್ಲಿ, ಆಮೇಲೆ ಕಾಗದದಲ್ಲಿ ಕಾಪಾಡಿದೆ. ಯಾವ ಊರು ಯಾವ ಹೆಳವ ಮನೆತನಕ್ಕೆ ಎಂಬ ಹಂಚಿಕೆಯೂ ಅವರಲ್ಲಿದೆ. ದೊಡ್ಡವರು ಮರೆತದ್ದನ್ನು ಬಡವರು ನೆನಪಿಟ್ಟರು. ಇದಕ್ಕಾಗಿ ನಾವು ಅವರಿಗೆ ಋಣಿಗಳು.

ಆದರೆ ಒಕ್ಕಲುತನದ ಮನೆಯ ಹೊತ್ತಿಗೆ ತಂದೆಯಿಂದ ಮಗನಿಗೆ ಸಾಗುತ್ತದೆ. ಮಗಳು ಮದುವೆಯಾಗಿ ಹೊರಟರೆ ಆ ಸಾಲು ಅಲ್ಲಿಗೇ ನಿಲ್ಲುತ್ತದೆ. ಒಬ್ಬ ಹಿರಿಯ ಹೆಳವರನ್ನು ನಾನು ಈ ಬಗ್ಗೆ ಕೇಳಿದೆ. "ಹೇಳಿದ್ರ ಬರಕೋತೀವ್ರಿ. ಯಾರೂ ಹೇಳಂಗಿಲ್ಲ" ಎಂದರು.

ಸರ್ಕಾರದ ದಫ್ತರಕ್ಕೂ ತನ್ನದೇ ಉದ್ದೇಶವಿತ್ತು. ಹಳೆಯ ಕುಲಕರ್ಣಿ ಕಾಗದಗಳು ಮೋಡಿ ಲಿಪಿಯಲ್ಲಿರುತ್ತಿದ್ದವು. ಅವುಗಳ ಚಿಂತೆ ಕಂದಾಯದ್ದು. ಮುಂಬಯಿ ಪ್ರಾಂತದಲ್ಲಿ 1903ರ ಕಾಯಿದೆಯಿಂದ ಹಕ್ಕು ದಾಖಲೆ ಬಂದಿತು. ವಂಶಪಾರಂಪರ್ಯದ ಹಳ್ಳಿ ಹುದ್ದೆಗಳನ್ನು ರದ್ದುಮಾಡುವ ಕಾಯಿದೆ 1961ರಲ್ಲಿ ಆಯಿತು. ಹುಟ್ಟು-ಸಾವುಗಳನ್ನು ದೇಶದಾದ್ಯಂತ ಒಂದೇ ರೀತಿ ನೋಂದಾಯಿಸಲು 1969ರ ಕಾಯಿದೆ ಬರಬೇಕಾಯಿತು. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆದ್ದರಿಂದ ಅದಕ್ಕಿಂತ ಹಿಂದಿನ ಕಾಗದಗಳಲ್ಲಿ ಧಾರವಾಡ ಜಿಲ್ಲೆ ಎಂದಿದ್ದರೆ ಗೊಂದಲ ಬೇಡ.

ಹೀಗೆ ಪ್ರತಿಯೊಂದು ದಾಖಲೆಯೂ ಒಂದು ಅಗತ್ಯಕ್ಕಾಗಿ ಹುಟ್ಟಿತು. ಆ ಅಗತ್ಯಕ್ಕೆ ಬೇಡವಾದವರು ಅದರಿಂದ ಬಿಟ್ಟುಹೋದರು. ಆದರೆ ಹೆಸರು ಬರೆದದ್ದರಿಂದ ಮನುಷ್ಯ ಹುಟ್ಟುವುದಿಲ್ಲ; ಹುಟ್ಟಿದ್ದರಿಂದ ಅವನ ಹೆಸರು ಬರೆಯಬೇಕು. ದಾಖಲೆ ಸಾಕ್ಷಿಯೇ ಹೊರತು ಸೃಷ್ಟಿಕರ್ತನಲ್ಲ. ಸಾಕ್ಷಿ ಸುಮ್ಮನಿದ್ದರೆ ನಡೆದದ್ದು ನಡೆಯದಂತಾಗುವುದಿಲ್ಲ. ಆ ತಾಯಿಗೆ ನಾನು ಕೊಟ್ಟ ಮೊದಲ ಉತ್ತರ ಇದೇ.

ಕಾನೂನು, ಗ್ರಂಥ

ಎರಡನೆಯ ಉತ್ತರ ಕಾನೂನಿನದು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲಿಯೇ ತಂದಿತು. ಆದರೆ ಅದಕ್ಕಿಂತ ಮೊದಲು ಮದುವೆಯಾದವರಿಗೆ ಅದು ಸಿಗಲಿಲ್ಲ. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಆಗ ತಂದೆ ಬದುಕಿರಲೇಬೇಕೆಂಬ ನಿಯಮವಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ತೀರ್ಪು ಕೊಟ್ಟಿತು. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಲ್ಲಿ, ತಂದೆ ಉಯಿಲು ಬರೆಯದೆ ತೀರಿಕೊಂಡರೆ ಮಗನಿಗೂ ಮಗಳಿಗೂ ಸಮಪಾಲು. ಆದ್ದರಿಂದ ಮಗಳ ಹೆಸರು ಬಿಟ್ಟ ವಂಶವೃಕ್ಷ ಬರಿಯ ಮರೆವಲ್ಲ, ಸುಳ್ಳು ಹೇಳಿಕೆ. ಅದರ ಮೇಲೆ ತಹಶೀಲ್ದಾರರ ಕಚೇರಿಯಲ್ಲಿ ತಕರಾರು ಕೊಡಬಹುದು.

ಸಂಖ್ಯಾಕಾಂಡದ 27ನೆಯ ಅಧ್ಯಾಯದಲ್ಲಿ ಚಲ್ಪಹಾದನೆಂಬವನ ಐವರು ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು, ಗಂಡುಮಕ್ಕಳಿಲ್ಲವೆಂದು ತಂದೆಯ ಹೆಸರು ಅಳಿಯಬೇಕೇ ಎಂದು ಕೇಳುತ್ತಾರೆ. ಅವರ ಮಾತು ನ್ಯಾಯವಾದದ್ದೆಂದು ದೇವರೇ ಹೇಳುತ್ತಾರೆ. ಐವರ ಹೆಸರೂ ಅಲ್ಲಿ ಬರೆಯಲ್ಪಟ್ಟಿದೆ. ಸಂತ ಮತ್ತಾಯನು ಪ್ರಭುವಿನ ವಂಶಾವಳಿ ಬರೆಯುವಾಗ ಗುತ್ತ ಅರಸರಂತೆ ದೊಡ್ಡವರನ್ನು ಮಾತ್ರ ಆರಿಸಲಿಲ್ಲ. ತಾಮಾರ, ರಾಹಾಬ, ರೂತ, ಊರೀಯನ ಪತ್ನಿ ಇವರನ್ನೂ ಸೇರಿಸಿದನು. ಟ್ರೆಂಟ್ ಮಹಾಸಭೆ 1563ರಲ್ಲಿ ವಿಧಿಸಿದ ಧರ್ಮಕೇಂದ್ರದ ಪುಸ್ತಕಗಳ ಪದ್ಧತಿ ಇಂದಿಗೂ ನಡೆದಿದೆ. ನಮ್ಮ ದೀಕ್ಷಾಸ್ನಾನದ ಪುಸ್ತಕದಲ್ಲಿ ಮಗಳಿಗೂ ಮಗನಿಗೂ ಒಂದೇ ಅಳತೆಯ ಸಾಲು. ತಂದೆಯ ಜೊತೆಗೆ ತಾಯಿಯ ಹೆಸರೂ ಇರುತ್ತದೆ.

ಮನೆಯಲ್ಲಿ ಮಾಡಬೇಕಾದದ್ದು

1. ಒಂದು ಗಟ್ಟಿ ನೋಟ್‌ಬುಕ್ಕು ತಂದು ಮನೆಯ ಅತಿ ಹಿರಿಯರಿಂದ ಆರಂಭಿಸಿರಿ. ಅಜ್ಜಿಯನ್ನು ಮೊದಲು ಕೇಳಿರಿ; ಹೆಣ್ಣುಮಕ್ಕಳು ಎಲ್ಲೆಲ್ಲಿ ಸೇರಿದರೆಂಬುದು ಆಕೆಗೇ ಗೊತ್ತು.

2. ಸೊಸೆಯರ ತವರೂರು, ಕೊಟ್ಟ ಹೆಣ್ಣುಮಕ್ಕಳ ಊರು, ಎಳವೆಯಲ್ಲಿ ತೀರಿಕೊಂಡ ಕೂಸುಗಳು, ದತ್ತು ಬಂದವರು – ಯಾರನ್ನೂ ಬಿಡಬೇಡಿರಿ.

3. ಹಳೆಯ ಉತಾರ, ಶಾಲೆಯ ದಾಖಲೆ, ಸಮಾಧಿಯ ಕಲ್ಲು ನೋಡಿ ತಾಳೆ ಹಾಕಿರಿ. ಕೇಳಿದ್ದು ಯಾವುದು, ಕಾಗದದಲ್ಲಿ ಕಂಡದ್ದು ಯಾವುದು ಎಂದು ಬೇರೆ ಬೇರೆ ಗುರುತಿಸಿರಿ. ಸತ್ತ ಹಿರಿಯರು ತಕರಾರು ಹುಟ್ಟುವ ಮೊದಲೇ ವಂಶಾವಳಿಯಲ್ಲಿ ಬರೆದಿಟ್ಟ ಸಂಬಂಧದ ಮಾತನ್ನು ನ್ಯಾಯಾಲಯ ಪುರಾವೆಯಾಗಿ ಪರಿಶೀಲಿಸಬಲ್ಲದು. 1872ರ ಸಾಕ್ಷ್ಯ ಕಾಯಿದೆಯಲ್ಲಿದ್ದ ಈ ತತ್ವ 2024ರ ಜುಲೈಯಿಂದ ಜಾರಿಯಾದ ಹೊಸ ಕಾಯಿದೆಯಲ್ಲಿಯೂ ಉಳಿದಿದೆ.

4. ಹೆಳವರು ಬಂದರೆ ಬರಿಗೈಯಲ್ಲಿ ಕಳಿಸಬೇಡಿರಿ. ಹೆಣ್ಣುಮಕ್ಕಳ ಹೆಸರನ್ನೂ ಹೇಳಿ ಬರೆಸಿರಿ.

ಚರ್ಚೆಗೆ: ನಿಮ್ಮ ಅಜ್ಜಿಯ ತಾಯಿಯ ಹೆಸರು ಏನು? ನಿಮ್ಮ ಮನೆತನ ಈ ಊರಿಗೆ ಬಂದಾಗ ಮೊದಲ ರಾತ್ರಿ ಜಾಗ ಕೊಟ್ಟವರು ಯಾರು?

ಆ ತಾಯಿಯ ಅಣ್ಣನನ್ನು ಆಮೇಲೆ ನಾನು ಕಂಡೆ. "ಹೆಳವರು ಹೇಳೋದ್ರಾಗೂ ಅಕಿ ಹೆಸರು ಇಲ್ಲಲ್ರಿ ಫಾದರ್" ಎಂದರು. "ನಿಮ್ಮ ಅವ್ವ ಇದ್ದಿದ್ದರೆ ಮಕ್ಕಳು ಎಷ್ಟು ಅನ್ನುತ್ತಿದ್ದಳು?" ಎಂದು ಕೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಮೂರು ತಿಂಗಳ ಮೇಲೆ ಹೊಸ ಪತ್ರ ಬಂದಿತು. ಅದರಲ್ಲಿ ಮೂರು ಮಕ್ಕಳ ಹೆಸರಿತ್ತು. ಹೊಲದ ಮಾತುಕತೆ ಇನ್ನೂ ಮುಗಿದಿಲ್ಲ. ಆದರೆ ಪಂಚಮಿಗೆ ತಂಗಿ ತವರಿಗೆ ಹೋಗಿ ಬಂದರು.